ಕದರಪ್ಪನ ಇಲ್ಲಟದ ಹವಾಲ್ದಾರ್

೨೦೨೪ರ ಜೂನ್ ೧೮, ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ, ಹವಾಲ್ದಾರ್ ದಿಲ್ ಬಹದ್ದೂರ್ ಥಾಪಾ ಎಂಬವರು ನಮ್ಮ ಸೀಮೆಯಲ್ಲಿ ಇಲ್ಲವೇ ಇಲ್ಲ ಎಂಬುದು ಮಧುಗಿರಿಯ ಕಚೇರಿಯೊಂದರಲ್ಲಿ ಪತ್ತೆಯಾಯಿತು. ಆ ಹೊತ್ತಿಗೆ ಅವರು ನನ್ನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು.

ಪತ್ತೆ ಹಚ್ಚಿದವರು ಸೈನಿಕ ಸೌಲಭ್ಯ ವಿಸ್ತರಣಾ ಘಟಕದ ಗುಮಾಸ್ತ ವೀರಭದ್ರಯ್ಯ. ಘಟಕ ಹುಟ್ಟಿ ಮೂರು ತಿಂಗಳಾಗಿತ್ತು. ಅಲ್ಲಿಯವರೆಗೆ ನಿವೃತ್ತ ಸೈನಿಕರ ಬಡಾವಣೆಯಲ್ಲಿ ನಿವೇಶನ ಬೇಕೆಂದರೆ ಈ ನೆಲದಲ್ಲೇ ಹುಟ್ಟಿರಬೇಕಿತ್ತು. ಹೊಸ ಆದೇಶದ ಪ್ರಕಾರ ಹೊರದೇಶದಲ್ಲಿ ಹುಟ್ಟಿ, ನಮ್ಮ ಸೇನೆಯಲ್ಲಿ ಹೋರಾಡಿ, ಇಲ್ಲೇ ನೆಲೆಸಿದವರೂ ಅರ್ಹರು. ಗುಂಡು ತಗಲುವಾಗ ಜನ್ಮಸ್ಥಳ ವಿಚಾರಿಸುವುದಿಲ್ಲ ಎಂಬ ಸಂಗತಿ ಕಾರ್ಗಿಲ್ ಆಗಿ ಇಪ್ಪತ್ತೈದು ವರ್ಷಕ್ಕೆ ಸರ್ಕಾರಕ್ಕೆ ಹೊಳೆದಿತ್ತು. ವಿಜ್ಞಾನದಲ್ಲೂ ಕೆಲವು ಆವಿಷ್ಕಾರಗಳು ನಿಧಾನ.

ದಿಲ್ ಬಹದ್ದೂರ್ ನೇಪಾಳದ ಪಾಲ್ಪಾದವರು. ಹದಿನೇಳು ವರ್ಷ ಗೂರ್ಖಾ ಪಡೆಯಲ್ಲಿದ್ದು, ನಿವೃತ್ತರಾಗಿ ನಮ್ಮ ಕಡೆಯ ಕಲ್ಲುಕ್ವಾರಿಗೆ ಕಾವಲಿಗೆ ಬಂದರು. ಅಲ್ಲಿ ಬುತ್ತಿ ತರುತ್ತಿದ್ದ ವಳ್ಳೂರಿನ ಮಾರಕ್ಕನನ್ನು ಮದುವೆಯಾದರು. ಈಗ ತಿರುಮಣಿಯಲ್ಲಿ ಸೋಲಾರ್ ಫಲಕಗಳನ್ನು ಕಾಯುತ್ತಾರೆ. ಪ್ರತಿ ಆಗಸ್ಟ್ ಹದಿನೈದಕ್ಕೆ ಯಾರಾದರೂ ಕರೆದು ಶಾಲು ಹೊದಿಸುತ್ತಾರೆ. ಹದಿಮೂರು ಶಾಲುಗಳಿವೆ. ಹೊಲಿದುಕೊಂಡಿದ್ದರೆ ಒಂದು ಡೇರೆಯಾದರೂ ಆಗುತ್ತಿತ್ತು.

ಏಕೆಂದರೆ ಅವರಿಗೆ ಬೇಕಿದ್ದದ್ದು ಒಂದು ಮನೆ. ಅರ್ಜಿ ಬರೆಸಲು ನನ್ನ ಬಳಿ ಬಂದಾಗ ಹೇಳಿದ್ದು ಇಷ್ಟು: "ಮೇಷ್ಟ್ರೇ, ಹದಿನೇಳು ವರ್ಷ ಬ್ಯಾರಕ್ಕು, ಹದಿಮೂರು ವರ್ಷ ಮಾವನ ಮನೆ. ಒಂದು ಬಾಗ್ಲ ಮೇಲೆ ನನ್ನೆಸ್ರು ಬರ್ಕಬೇಕು. ಅಷ್ಟೇಯ."

ಮಾವ ಕದರಪ್ಪನಿಗೆ ಗಂಡುಮಕ್ಕಳಿಲ್ಲ. ಅಂಥವರು ಅಳಿಯನನ್ನು ಮನೆಗೇ ತಂದು ಮಗನ ಸ್ಥಾನ ಕೊಡುವುದು ನಮ್ಮ ಗಡಿಸೀಮೆಯ ಪದ್ಧತಿ, ಇಲ್ಲಟ ಎನ್ನುತ್ತಾರೆ. ಕದರಪ್ಪ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ. ರೇಷನ್ ಕಾರ್ಡು ಮಾಡಿಸುವಾಗ ಅಳಿಯನನ್ನು ಪೂರ್ತಿ ಮಗನನ್ನಾಗಿಯೇ ಬರೆಸಿದ್ದ: ದಿಲ್ಲಪ್ಪ, ತಂದೆ ಕದರಪ್ಪ, ಹುಟ್ಟಿದ್ದು ವಳ್ಳೂರು. ಮುಂದಿನ ಗುರುತಿನ ಚೀಟಿಗಳೆಲ್ಲ ಈ ಕಾರ್ಡನ್ನು ನೋಡಿಕೊಂಡೇ ಹುಟ್ಟಿದವು.

"ನೋಡಿ ಮೇಷ್ಟ್ರೇ," ಎಂದರು ವೀರಭದ್ರಯ್ಯ, ಎರಡು ದಾಖಲೆಗಳನ್ನು ಅಕ್ಕಪಕ್ಕ ಇಟ್ಟು. "ಸೈನ್ಯದ ಪುಸ್ತಕದಲ್ಲಿರೋ ದಿಲ್ ಬಹದ್ದೂರ್ ನೇಪಾಳದೋರು. ಯುದ್ಧ ಮಾಡಿದಾರೆ. ಧಾರಾಳವಾಗಿ ಸೈಟು ಕೊಡ್ಬೋದು. ಆದ್ರೆ ಅವರು ನಮ್ಮಲ್ಲಿ ವಾಸ ಇಲ್ಲ."

"ಇಲ್ಲೇ ಕೂತಿದಾರಲ್ಲ ಸಾರ್."

"ಇವರು ದಿಲ್ಲಪ್ಪ. ವಳ್ಳೂರಲ್ಲಿ ಹುಟ್ಟಿದೋರು. ಇವರು ಸೈನ್ಯಕ್ಕೇ ಹೋಗಿಲ್ಲ."

ಹಿಂದೆ ನಿಂತಿದ್ದ ಕದರಪ್ಪ ಕೋಲೂರಿಕೊಂಡು ಮುಂದೆ ಬಂದ. "ಏಮಯ್ಯಾ ಸಾರೂ, ಇವನ ತೊಡೆ ತೋರುಸ್ಲಾ? ಗುಂಡು ಹೊಕ್ಕಿರೋ ಗುರ್ತೈತೆ."

"ತೊಡೆ ಮೇಲೆ ಸೀಲು ಇರಲ್ಲ ಯಜಮಾನ್ರೇ." ವೀರಭದ್ರಯ್ಯ ಪೆನ್ನಿನ ತುದಿಯನ್ನು ಕಾರ್ಡಿನ ಮೇಲೆ ಆಡಿಸಿದರು. "ಇನ್ನೊಂದು ವಿಚಾರ. ಮಾರಕ್ಕನ ತಂದೆ ಕದರಪ್ಪ. ದಿಲ್ಲಪ್ಪನ ತಂದೇನೂ ಕದರಪ್ಪ. ಹಂಗಾದ್ರೆ ಇವರಿಬ್ರೂ... ನಾನೇನೂ ಹೇಳಲ್ಲಪ್ಪ."

"ಹೇಳಿ ನೋಡಾನ!" ಎಂದಳು ಬಾಗಿಲಲ್ಲಿದ್ದ ಮಾರಕ್ಕ. "ಹದಿಮೂರು ವರ್ಷ ಸಂಸಾರ ಮಾಡಿವ್ನಿ. ನಿಮ್ಮ ಕಾಗ್ದ ಬಂದು ಅಣ್ಣ ತಂಗಿ ಮಾಡ್ತದಾ?"

ವೀರಭದ್ರಯ್ಯ ಕೆಟ್ಟ ಮನುಷ್ಯರಲ್ಲ. ಪರಿಹಾರವನ್ನೂ ಅವರೇ ಸೂಚಿಸಿದರು. ಊರಿನ ಐವರು ಪಂಚರು, ಮಾವ ಸೇರಿ, ಬರೆದು ಸಹಿ ಹಾಕಿಕೊಡಬೇಕು: ಈತ ನಮ್ಮ ಊರಿನವನಲ್ಲ, ಕದರಪ್ಪನ ಮಗನಲ್ಲ, ಹೊರಗಿನವನು. ಅಷ್ಟಾದರೆ ಸರ್ಕಾರ ಅವರನ್ನು ನಮ್ಮವರೆಂದು ಒಪ್ಪಿಕೊಳ್ಳುತ್ತದೆ.

ಸುಲಭವೆಂದು ನಾನು ಲೆಕ್ಕ ಹಾಕಿದೆ. ಹದಿಮೂರು ವರ್ಷದಿಂದ ವಳ್ಳೂರು ಈ ಮಾತನ್ನು ಪುಕ್ಕಟೆಯಾಗಿ ಹೇಳಿಕೊಂಡು ಬಂದಿದೆ. ಟೀ ಅಂಗಡಿಯ ಅಂಬರೀಶ್ ಅಂತೂ ದಿಲ್ ಬಹದ್ದೂರ್ ಕಂಡಾಗಲೆಲ್ಲ, "ಬಂದ ನೋಡ್ರಪ್ಪಾ ನೇಪಾಳ, ಹೆಂಡ್ತಿ ಮನೆ ಕಾವಲುಗಾರ," ಎನ್ನುತ್ತಿದ್ದ. ಹಾಗಾಗಿ ಮೊದಲು ಅವನ ಬಳಿಗೇ ಹೋದೆ.

ಕಾಗದ ಓದಿದ ಅಂಬರೀಶ್ ಅದನ್ನು ಬಿಸಿ ಪಾತ್ರೆ ಹಿಡಿದಂತೆ ಹಿಡಿದು ನನಗೇ ವಾಪಸು ಕೊಟ್ಟ.

"ನಮ್ಮ ದಿಲ್ಲಣ್ಣನ್ನ ಹೊರಗಿನೋನು ಅಂತ ಬರ್ಕೊಡಾದಾ? ನಾನೇನು ಮನುಷ್ಯನಾ, ನಾಯಿನಾ?"

"ದಿನಾ ಹೇಳ್ತೀಯಲ್ಲೋ!"

"ಬಾಯಲ್ಲಿ ಅನ್ನಾದು ಬೇರೆ ಮೇಷ್ಟ್ರೇ. ಬರ್ದು ಸೈನ್ ಹಾಕಾದು ಪಾಪ."

ಹನ್ನೊಂದು ದಿನ ಓಡಾಡಿದೆ. ಹೋದ ಮನೆಯಲ್ಲೆಲ್ಲ ಕಾಫಿ ಸಿಕ್ಕಿತು, ಸಹಿ ಸಿಗಲಿಲ್ಲ. ಒಬ್ಬರನ್ನು ಹೊರಗಿನವರೆಂದು ನಡೆಸಿಕೊಳ್ಳಲು ಇಡೀ ಊರು ಸಾಕು, ಹಾಗೆಂದು ಒಪ್ಪಿಕೊಳ್ಳಲು ಐದು ಜನ ಹುಟ್ಟುವುದಿಲ್ಲ ಎಂಬುದನ್ನು ನಾನು ಮೊದಲ ಸಲ ದಾಖಲಿಸಿಕೊಂಡೆ.

ಹನ್ನೆರಡನೆಯ ದಿನ ಕದರಪ್ಪನೇ ಕರೆಸಿದ. ಜಗಲಿಯ ಮೇಲೆ ಕೂತು, ಓದಿ ಹೇಳು ಎಂದ. ಓದಿದೆ. 'ನನ್ನ ಮಗನಲ್ಲ' ಎಂಬಲ್ಲಿ ಕೈ ಎತ್ತಿ ತಡೆದು, ಆ ಸಾಲನ್ನೇ ಇನ್ನೊಂದು ಸಲ ಓದಿಸಿದ. ದಿಲ್ ಬಹದ್ದೂರ್ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು.

"ಬ್ಯಾಡ ಬುಡು ಮಾವ. ಸೈಟು ಬ್ಯಾಡ."

"ಸುಮ್ಕಿರಲೇ. ನಾನು ಸತ್ತ ಮ್ಯಾಲೆ ದಾಯಾದಿಗಳು ಬಂದು ನಿನ್ನ ಬೀದಿಗ್ ತಳ್ತಾರೆ. ನಿನ್ನ ಬಾಗ್ಲು ನಿಂಗಿರ್ಲಿ."

ಹೆಬ್ಬೆಟ್ಟನ್ನು ಶಾಯಿಗೊತ್ತಿ ಕಾಗದದ ಮೇಲೆ ಒತ್ತಿದ. ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಉಳಿದ ನಾಲ್ವರೂ ಬಂದರು. ಅಂಬರೀಶ್ ಸಹಿಯ ಕೆಳಗೆ 'ಆದರೂ ನಮ್ಮವನೇ' ಎಂದು ಸೇರಿಸಿದ್ದ. ವೀರಭದ್ರಯ್ಯ ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ 'ಗೊಂದಲಕಾರಿ' ಎಂದು ಬರೆದರು.

ಮರುತಿಂಗಳು ಕದರಪ್ಪನ ಕಾರ್ಡಿನಿಂದ ದಿಲ್ಲಪ್ಪನ ಹೆಸರು ಹೋಯಿತು. ಏಳನೆಯ ತಿಂಗಳಿಗೆ, ೨೦೨೫ರ ಜನವರಿಯಲ್ಲಿ, ಹಂಚಿಕೆಪತ್ರ ಬಂತು: ನಿವೇಶನ ಸಂಖ್ಯೆ ನಲವತ್ತೊಂದು. ಮಾರಕ್ಕ ಅರಿಸಿನ ಕುಂಕುಮ, ಒಂದು ತೆಂಗಿನಕಾಯಿ ಹಿಡಿದು ಹೊರಟಳು. ಗಂಡ ಹೆಂಡತಿ, ಕದರಪ್ಪ, ನಾನು, ನಾಲ್ವರೂ ಬಸ್ಸಿನಲ್ಲಿ ಮಧುಗಿರಿಗೆ ಹೋದೆವು.

ಮೊದಲ ನಲವತ್ತು ನಿವೇಶನಗಳು ಸಮತಟ್ಟಾದ ನೆಲದಲ್ಲಿ, ಸಾಲಾಗಿ, ಅಂದವಾಗಿದ್ದವು. ಅವು ಇಲ್ಲಿ ಹುಟ್ಟಿದ ಸೈನಿಕರಿಗೆ. ಹೊಸ ಆದೇಶ ಬರುವ ಹೊತ್ತಿಗೆ ನೆಲ ಮುಗಿದಿತ್ತಂತೆ. ಆದ್ದರಿಂದ ಬಡಾವಣೆಯನ್ನು ಪಕ್ಕದ ಬಂಡೆಯ ಮೇಲಕ್ಕೆ ವಿಸ್ತರಿಸಿದ್ದರು. ಬರಿಯ ಕರಿಬಂಡೆ, ಅದರ ನಾಲ್ಕು ಮೂಲೆಗೆ ಬಿಳಿ ಬಣ್ಣದಲ್ಲಿ ಗುರುತು ಹಾಕಿ, ನಡುವೆ ೪೧ ಎಂದು ಬರೆದಿದ್ದರು.

"ಇದು ಸೈಟಾ ಸ್ವಾಮಿ?" ಎಂದು ಜಾಗ ತೋರಿಸಲು ಬಂದಿದ್ದ ಸರ್ವೆಯರ್ ತಿಪ್ಪೇಶ್‌ನನ್ನು ಕೇಳಿದೆ.

"ಮೂವತ್ತು ನಲವತ್ತು ಕರೆಕ್ಟಾಗಿದೆ ಸಾರ್, ಬೇಕಾದ್ರೆ ಟೇಪ್ ಹಿಡೀರಿ. ಬೆಟ್ಟದ ನಾಡಿನೋರಲ್ವಾ? ಹೊಂದ್ಕೋತಾರೆ."

ದಿಲ್ ಬಹದ್ದೂರ್ ಚಪ್ಪಲಿ ಬಿಟ್ಟು, ಬಂಡೆಗೆ ಕೈಯೂರಿ ಹತ್ತಿ ನಡುವೆ ನಿಂತರು. ಮಾರಕ್ಕ ಕೆಳಗಿನಿಂದ ತೆಂಗಿನಕಾಯಿ ಎಸೆದುಕೊಟ್ಟಳು. ಹಿಡಿದು, ಹೊಸಿಲು ಬರಬೇಕಾದ ಜಾಗದಲ್ಲಿ ಇಟ್ಟರು. ಅದು ಉರುಳಿಕೊಂಡು ಬಂದು, ತಿಪ್ಪೇಶನ ಬೈಕನ್ನು ದಾಟಿ, ಮೂವತ್ತೆಂಟನೇ ನಿವೇಶನದಲ್ಲಿ ನಿಂತಿತು.

"ಇಳಿಯಲೇ ದಿಲ್ಲಾ," ಎಂದು ಕದರಪ್ಪ ಕೂಗಿದ. "ಮನೀಗೋಗಾನ ಬಾ."

"ಯಾರ ಮನೀಗೆ ಮಾವ? ಹೊರಗಿನೋನು ಅಂತ ಹೆಬ್ಬೆಟ್ಟು ಒತ್ತಿದ್ದೀಯಲ್ಲ," ಎಂದರು ಅವರು, ನಗುತ್ತಲೇ. ಕದರಪ್ಪ ನಗಲಿಲ್ಲ. ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡ. ಅಲ್ಲಿ ಏಳು ತಿಂಗಳಿನಿಂದ ಶಾಯಿಯೇನೂ ಇರಲಿಲ್ಲ. ಆಮೇಲೆ ಕೋಲು ಕೆಳಗಿಟ್ಟು, ತಾನೇ ಬಂಡೆ ಹತ್ತಲು ಹೊರಟ. ಎರಡು ಹೆಜ್ಜೆಗೆ ಜಾರಿದ. ದಿಲ್ ಬಹದ್ದೂರ್ ಕೂತುಕೊಂಡೇ ಸರ್ರನೆ ಇಳಿದು ಬಂದು ಮುದುಕನ ತೋಳು ಹಿಡಿದುಕೊಂಡರು.

ವೀರಭದ್ರಯ್ಯನವರಿಗೆ ಫೋನು ಮಾಡಿದೆ. ಬದಲಿ ನಿವೇಶನ ಕೇಳಬಹುದು, ಆದರೆ 'ಕಡಿದಾಗಿದೆ' ಎಂಬಂಥ ಭಾವನಾತ್ಮಕ ಮಾತು ಬರೆಯುವಂತಿಲ್ಲ, ಅಳತೆ ಬೇಕು ಎಂದರು. ನ್ಯಾಯವಾದ ಮಾತು. ಮರುದಿನ ಶಾಲೆಯ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ಕಲ್ಲು ತೂಗುಬಿಟ್ಟು, ಬಂಡೆಯ ಮೇಲೆ, ನಡುವೆ, ಕೆಳಗೆ ಅಳೆದೆ. ದಿಲ್ ಬಹದ್ದೂರ್ ಇಳಿಜಾರಿಗೆ ಮರದ ಪಟ್ಟಿ ಒರಗಿಸಿ ಹಿಡಿದರು. ಅರ್ಜಿಯಲ್ಲಿ ಒಂದೇ ಸಾಲು ಬರೆದು ಇಬ್ಬರೂ ಸಹಿ ಹಾಕಿದೆವು: ನಿವೇಶನ ಸಂಖ್ಯೆ ೪೧, ಇಳಿಜಾರು, ಮೂರು ಅಳತೆಗಳ ಸರಾಸರಿ, ೩೪ ಡಿಗ್ರಿ.