ಇಬ್ಬರಿಗೂ ಸಮ

ಭಾನುವಾರ ಬೆಳಿಗ್ಗೆ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಶಾಮಲಾಳ ಬೆರಳ ತುದಿಗೆ ಬರಿಯ ಚರ್ಮ ತಗುಲಿತು. ಬಲಗಿವಿಯ ಮೇಲೆ, ಜಡೆ ಶುರುವಾಗುವ ಕಡೆ, ರೂಪಾಯಿ ಬಿಲ್ಲೆಯಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ.

"ಇದೇನೇ ಅಕ್ಷತ? ಎಲ್ಲಾದ್ರೂ ಬಿದ್ದಿದ್ಯಾ?"

"ಇಲ್ಲಮ್ಮ. ಬೇಗ ಜಡೆ ಹಾಕು, ವ್ಯಾನ್ ಬಂದ್ಬಿಡುತ್ತೆ."

ಏಳು ವರ್ಷದ ಹುಡುಗಿ. ಭಾನುವಾರವೂ ಸ್ಕೇಟಿಂಗ್ ಇತ್ತು. ಅಂಗಳದಲ್ಲಿ ಅವಳ ಚಿಕ್ಕಪ್ಪನ ಮಗ ಅಂಜನ್ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು, ವ್ಯಾನ್ ಬರುವ ದಾರಿ ನೋಡುತ್ತ ಕುಣಿಯುತ್ತಿದ್ದ. ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಅಮ್ಮಯಮ್ಮ ಎದ್ದು ಬಂದು ಮೊಮ್ಮಗಳ ತಲೆ ಬಗ್ಗಿಸಿ ನೋಡಿದರು.

"ಹುಳ ತಿಂದದೆ ಕಣೇ. ದಾಸವಾಳದ ಎಲೆ ಅರ್ದು ಹಚ್ಚು, ಹುಟ್ತದೆ."

ಶಾಮಲಾ ಜಡೆಯನ್ನು ಸ್ವಲ್ಪ ಓರೆಯಾಗಿ ಎಳೆದು ಆ ಜಾಗ ಮುಚ್ಚಿದಳು.

ಅದು ನಂದಗುಡಿಯಿಂದ ಒಳಗೆ ಹೋದರೆ ಸಿಗುವ ಊರು. ಅವಳ ಮಾವ ಅಪ್ಪಯ್ಯಣ್ಣನವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಮುನಿರಾಜ್, ಶಾಮಲಾಳ ಗಂಡ, ಹೊಸಕೋಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕಿರಿಯ ದೇವೇಂದ್ರ ಹಸುಗಳನ್ನೂ ಟೊಮೇಟೊ ತೋಟವನ್ನೂ ನೋಡಿಕೊಳ್ಳುತ್ತಿದ್ದ. ಸುತ್ತಲಿನ ಜಮೀನಿಗೆ ಯಾವುದೋ ಯೋಜನೆ ಬರುತ್ತದೆ ಎಂಬ ಸುದ್ದಿ ಹುಟ್ಟಿದ ಮೇಲೆ ಅಕ್ಕಪಕ್ಕದ ಮನೆಗಳೆಲ್ಲ ಒಂದೊಂದಾಗಿ ಭಾಗವಾದವು. ಅಣ್ಣತಮ್ಮಂದಿರು ಎದುರುಬದುರು ಬಾಗಿಲು ಹಾಕಿಕೊಂಡರು. ಅಪ್ಪಯ್ಯಣ್ಣನವರ ಮನೆಯಲ್ಲಿ ಮಾತ್ರ ಇನ್ನೂ ಒಂದೇ ಒಲೆ. ಅದಕ್ಕೆ ಅವರ ನಿಯಮವೇ ಕಾರಣವೆಂದು ಊರು ಹೇಳುತ್ತಿತ್ತು. ಒಬ್ಬ ಮಗನಿಗೆ ಏನು ಬಂತೋ ಇನ್ನೊಬ್ಬನಿಗೂ ಅದೇ. ಒಬ್ಬ ಸೊಸೆಗೆ ಸೀರೆ ತಂದರೆ ಇನ್ನೊಬ್ಬಳಿಗೂ ಅಂಥದೇ ಸೀರೆ. ಮೊಮ್ಮಕ್ಕಳಿಬ್ಬರೂ ಒಂದೇ ವರ್ಷ ಹುಟ್ಟಿದ್ದರಿಂದ ಆ ನಿಯಮ ಅವರ ಮೇಲೂ ಸಲೀಸಾಗಿ ಕೂತಿತು.

ಮೊದಲು ಬಂದದ್ದು ಚಿತ್ರಕಲೆ. ಅಕ್ಷತಳಿಗೆ ಬಣ್ಣ ಹಚ್ಚುವುದು ಇಷ್ಟವೆಂದು ಶಾಮಲಾ ಅವಳನ್ನು ಹೊಸಕೋಟೆಯ ಕ್ಲಾಸಿಗೆ ಸೇರಿಸಿದಳು. ವಾರದೊಳಗೆ ಅಂಜನ್ ಕೂಡ ಸೇರಿದ. ಅವನಿಗೆ ಬಣ್ಣದ ಡಬ್ಬಿ ನೋಡಿದರೇ ಆಕಳಿಕೆ. ಆಮೇಲೆ ಅವನ ತಾಯಿ ಅರ್ಪಿತ ಮಗನಿಗೆಂದು ಸ್ಕೇಟಿಂಗ್ ಹುಡುಕಿದಳು. ಅಕ್ಷತಳ ಕಾಲಿಗೂ ಚಕ್ರ ಬಂತು. ಹೊಸದೊಂದನ್ನು ತಂದು ವಾರಗಿತ್ತಿ ಮುಂದೆ ಹೋದಳೆನ್ನಿಸಿ ಶಾಮಲಾ ಅಬ್ಯಾಕಸ್ ಹುಡುಕಿದಳು. ಅರ್ಪಿತ ಕರಾಟೆ ತಂದಳು. ಶಾಮಲಾ ಕೀಬೋರ್ಡ್ ತಂದಳು. ಇಬ್ಬರೂ ಒಂದು ದಿನವೂ ಜಗಳವಾಡಲಿಲ್ಲ. "ಒಳ್ಳೇದಾಯ್ತು ಬಿಡಿ ಅಕ್ಕ, ಜೊತೇಲೇ ಕಲೀತವೆ" ಎಂದು ಅರ್ಪಿತ ನಗುತ್ತಿದ್ದಳು, ಶಾಮಲಾಳೂ ನಗುತ್ತಿದ್ದಳು. ಶಾಲೆ ಬಿಟ್ಟ ಕೂಡಲೇ ವ್ಯಾನ್ ಮಕ್ಕಳನ್ನು ಹೊಸಕೋಟೆಗೆ ಒಯ್ದರೆ ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿರುತ್ತಿತ್ತು. ಒಂದನ್ನೂ ಬಿಡಿಸುವ ಹಾಗಿರಲಿಲ್ಲ. ಅರ್ಪಿತ ತಂದದ್ದನ್ನು ಬಿಡಿಸಿದರೆ ಅವಳಿಗೆ ಅವಮಾನ. ತಾನೇ ತಂದದ್ದನ್ನು ಬಿಡಿಸಿದರೆ ತನ್ನ ಸೋಲು. ಈ ಲೆಕ್ಕವನ್ನು ಶಾಮಲಾ ಯಾರೊಂದಿಗೂ ಆಡಿರಲಿಲ್ಲ, ತನ್ನೊಳಗೂ ಪೂರ್ತಿ ಆಡಿಕೊಂಡಿರಲಿಲ್ಲ.

ದಾಸವಾಳದ ಎಲೆಗೆ ಕೂದಲು ಹುಟ್ಟಲಿಲ್ಲ. ಬೋಳು ಜಾಗ ಕಿವಿಯಿಂದ ನೆತ್ತಿಯ ಕಡೆಗೆ ಹರಡಿತು. ಒಂದು ದಿನ ಶಾಲೆಯ ಫ್ರಾಕು ಒಗೆಯಲು ಹಾಕುವಾಗ ಜೇಬಿನಲ್ಲಿ ಮೆತ್ತಗೆ ಏನೋ ಸಿಕ್ಕಿತು. ಬಾಚಣಿಗೆಯಿಂದ ಬಿಡಿಸಿದಂಥ ಕೂದಲುಂಡೆ. ಬೆಳಕಿಗೆ ಹಿಡಿದಾಗ ಒಂದೊಂದು ಎಳೆಯ ತುದಿಯಲ್ಲೂ ಬಿಳಿಯ ಬೇರು ಕಂಡಿತು.

ಮರುದಿನ ಅವಳು ಹೊಸಕೋಟೆಯಲ್ಲಿ ಕೆಲಸವಿದೆಯೆಂದು ಹೇಳಿ ಶಾಲೆಯ ಹತ್ತಿರ ಮಕ್ಕಳ ಜೊತೆ ವ್ಯಾನ್ ಹತ್ತಿದಳು. ಅಂಜನ್ ಮುಂದೆ ಕೂತು ಡ್ರೈವರ್ ಜವರಪ್ಪನ ತಲೆ ತಿನ್ನುತ್ತಿದ್ದ. ಅಕ್ಷತ ಕಿಟಕಿಗೆ ಒರಗಿದ್ದಳು. ವ್ಯಾನ್ ಹೊರಟ ಸ್ವಲ್ಪ ಹೊತ್ತಿಗೆ ಅವಳ ಬಲಗೈ ತಾನಾಗಿ ಮೇಲೆದ್ದಿತು. ಒಂದು ಎಳೆಯನ್ನು ಹುಡುಕಿ, ಬೆರಳಿಗೆ ಸುತ್ತಿ, ಎಳೆಯಿತು. ಕಿತ್ತ ಕೂದಲು ಜೇಬಿಗೆ ಹೋಯಿತು. ಮತ್ತೆ ಇನ್ನೊಂದು. ಅವಳ ಮುಖದಲ್ಲಿ ನೋವಿರಲಿಲ್ಲ. ಎಷ್ಟೋ ದಿನಗಳಿಂದ ಮಗಳ ಮುಖದಲ್ಲಿ ಅಂಥ ನೆಮ್ಮದಿಯನ್ನು ಶಾಮಲಾ ನೋಡಿರಲಿಲ್ಲ.

ಅವಳು ಅಂದು ಮಗಳನ್ನು ಅಬ್ಯಾಕಸ್ಸಿಗೆ ಬಿಡದೆ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದಳು. ವಯಸ್ಸಾದ ಹೆಂಗಸು. ತಲೆಯನ್ನು ದೀಪದಡಿ ನೋಡಿ, ಅಕ್ಷತಳನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ಕೇಳಿದರು. "ಆಟ ಯಾವಾಗ ಆಡ್ತೀಯ ಪುಟ್ಟಿ?"

ಅಕ್ಷತ ಯೋಚಿಸಿದಳು. "ಆಟಕ್ಕೆ ಕ್ಲಾಸ್ ಇಲ್ಲ ಆಂಟಿ."

ಡಾಕ್ಟರು ನಗಲಿಲ್ಲ. "ಇದು ಹುಳ ಅಲ್ಲಮ್ಮ. ಮಗುನೇ ಕಿತ್ಕೊಳ್ತಾ ಇದೆ. ಬೈಬೇಡಿ, ಹೊಡೀಬೇಡಿ. ಮಕ್ಕಳ ಮನಸ್ಸಿನ ಡಾಕ್ಟರಿಗೆ ತೋರಿಸಿ, ಹೆಸರು ಬರ್ಕೊಡ್ತೀನಿ. ಅದಕ್ಕೂ ಮೊದಲು ಈ ಕ್ಲಾಸುಗಳನ್ನ ಕಮ್ಮಿ ಮಾಡಿ."

ಮರುದಿನ ಬೆಳಿಗ್ಗೆ ಶಿಫ್ಟಿಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದ ಗಂಡನಿಗೆ ಹೇಳಿದಳು.

"ಅಪ್ಪನ್ನ ಕೇಳು."

"ನೀವು ಕೇಳ್ಬಾರ್ದಾ? ನಿಮ್ಮ ಮಗಳಲ್ವಾ?"

"ನಾನು ಕೇಳಿದ್ರೆ ಭಾಗಕ್ಕೆ ಪೀಠಿಕೆ ಹಾಕ್ತಾವ್ನೆ ಅಂತಾರೆ. ನೀನಾದ್ರೆ ಹೆಂಗಸು, ಮಗು ವಿಷಯ ಅಂತ ಆಗುತ್ತೆ."

ಅಪ್ಪಯ್ಯಣ್ಣ ಡೇರಿಗೆ ಹಾಲು ಹಾಕಿ ಬಂದು ಜಗುಲಿಯಲ್ಲಿ ಕೂತಿದ್ದರು. ಶಾಮಲಾ ಕಾಫಿ ಲೋಟ ಇಟ್ಟು, ಕಂಬದ ಪಕ್ಕ ನಿಂತು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

"ಎರಡು ಕ್ಲಾಸ್ ಇಟ್ಕೊಂಡು ಮಿಕ್ಕಿದ್ದು ಬಿಡ್ಸಣ ಮಾವ."

"ಯಾವ ಎರಡು ಇಟ್ಕೋತೀಯಮ್ಮ?"

ಮುದುಕರು ಸಹಜವಾಗಿಯೇ ಕೇಳಿದರು. ಒಳಗೆ ಅಡಿಗೆಮನೆಯಲ್ಲಿ ಅರ್ಪಿತ ತಿರುಗಿಸುತ್ತಿದ್ದ ಮಿಕ್ಸಿ ನಿಂತಿತು. ಶಾಮಲಾ ಯಾವ ಕ್ಲಾಸಿನ ಹೆಸರು ಹೇಳಿದರೂ ಅದು ಯಾರದೋ ಒಬ್ಬರದಾಗುತ್ತಿತ್ತು.

"ನೋಡಮ್ಮ," ಎಂದರು ಅಪ್ಪಯ್ಯಣ್ಣ. "ನಮ್ಮಣ್ಣನ್ನ ಇಸ್ಕೂಲಿಗೆ ಹಾಕುದ್ರು. ನನ್ನ ದನದ ಹಿಂದೆ ಬುಟ್ರು. ಒಂದು ಮನೇಲಿ ಹುಟ್ಟಿ ಅವನು ಕುರ್ಚಿ ಮೇಲೆ ಕುಂತ, ನಾನು ಅವನ ಮುಂದೆ ನಿಂತ್ಕಂಡೆ. ನಮ್ಮಪ್ಪ ಸತ್ತ ಹನ್ನೊಂದಕ್ಕೇ ಗೋಡೆ ಎದ್ದುಬುಡ್ತು. ಈ ಮನೇಲಿ ಹಂಗಾಗಬಾರ್ದು ಅಂತ ನಾನು ಬದುಕವ್ನಿ. ಮಗ ಬೇರೆ, ಮಗಳು ಬೇರೆ ಅಂತಾನೂ ಮಾಡಿಲ್ಲ. ಮಾಡಿದ್ದೀನಾ?"

"ಇಲ್ಲ ಮಾವ."

ಅದು ನಿಜವೇ. ಹೆಣ್ಣುಮಗುವಿಗೆ ಇದೆಲ್ಲ ಯಾಕೆಂದು ಆ ಮನೆಯಲ್ಲಿ ಯಾರೂ ಒಂದು ಮಾತೂ ಅಂದಿರಲಿಲ್ಲ. ಶಾಮಲಾಳ ತವರಿನಲ್ಲಿ, ಸಾಸಲಿನ ಕಡೆ, ಅವಳನ್ನು ಹತ್ತನೆಯ ತರಗತಿಗೆ ನಿಲ್ಲಿಸಿದ್ದರು. ಇಂಥ ಮಾವನ ಎದುರು ದೂರು ಹೇಳುವುದು ಹೇಗೆಂದು ಅವಳಿಗೆ ಗೊತ್ತಾಗಲಿಲ್ಲ.

ಅಮ್ಮಯಮ್ಮ ಬಾಗಿಲಿಗೆ ಬಂದರು. "ಕೂದ್ಲು, ಚರ್ಮ ಅಂದ್ರೆ ಅದು ನಾಗಪ್ಪಂದು ಕಣ್ರೀ. ಘಾಟಿಗೆ ಮುಡಿ ಕೊಟ್ಟು ಬರಾಣ. ಕೀಳಕ್ಕೆ ಕೂದ್ಲೇ ಇಲ್ದಂಗಾದ್ರೆ ಅಭ್ಯಾಸಾನೂ ಬುಟ್ಟೋಯ್ತದೆ. ಕ್ಲಾಸೂ ನಿಲ್ಲಲ್ಲ, ಯಾರ ಮನಸ್ಸೂ ನೋಯಲ್ಲ."

ಅಪ್ಪಯ್ಯಣ್ಣನವರ ಮುಖ ಸಡಿಲವಾಯಿತು. ಶಾಮಲಾಳದೂ. ಅತ್ತೆಯ ಕೈ ಹಿಡಿದುಕೊಳ್ಳಬೇಕೆನ್ನಿಸುವಷ್ಟು ಹಗುರವಾಯಿತು ಅವಳಿಗೆ. ಡಾಕ್ಟರು ಬರೆದುಕೊಟ್ಟ ಹೆಸರು ಅವಳ ಪರ್ಸಿನಲ್ಲೇ ಉಳಿಯಿತು.

ಮಂಗಳವಾರ ಎಲ್ಲರೂ ಘಾಟಿಯ ನಾಗಪ್ಪನ ಗುಡಿಗೆ ಹೋದರು. ಅಂಜನ್‌ದೂ ಆಗಲಿ ಎಂದರು ಅಪ್ಪಯ್ಯಣ್ಣ. "ಒಂದಕ್ಕೆ ಬೋಳಿಸಿ ಒಂದಕ್ಕೆ ಬಿಟ್ರೆ ಸ್ಕೂಲಲ್ಲಿ ಆ ಮಗೂನೇ ಆಡ್ಕೋತಾರೆ." ಮಕ್ಕಳಿಬ್ಬರೂ ಪಕ್ಕಪಕ್ಕ ಕೂತರು. ಅಂಜನ್ ಮೊದಲು ಅತ್ತು ಆಮೇಲೆ ತನ್ನ ತಲೆ ಸವರಿಕೊಂಡು, "ಲೇ ಅಕ್ಷತ, ನೀನು ಮೊಟ್ಟೆ ಥರ ಇದ್ದೀಯ ಕಣೇ!" ಎಂದು ನಕ್ಕ. ಅಕ್ಷತ ಕೆಳಗೆ ಬಿದ್ದ ತನ್ನ ಕೂದಲನ್ನೇ ನೋಡುತ್ತಿದ್ದಳು. ಬೇರೆಯವರು ಎತ್ತಿಕೊಂಡು ಹೋಗುತ್ತಿದ್ದ ತನ್ನ ಆಟದ ಸಾಮಾನನ್ನು ನೋಡುವ ಹಾಗೆ.

ಕೆಲವು ವಾರ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಇಬ್ಬರ ತಲೆಯ ಮೇಲೂ ಸಣ್ಣಗೆ ಕೂದಲು ಹುಟ್ಟತೊಡಗಿತು. "ನೋಡಿದ್ಯಾ, ಎಷ್ಟು ಒತ್ತಾಗಿ ಬತ್ತಾ ಅದೆ," ಎಂದು ಅಮ್ಮಯಮ್ಮ ಸವರಿ ಸವರಿ ಹೇಳಿದರು. ಶಾಮಲಾಳೂ ತಲೆಯನ್ನೇ ನೋಡುತ್ತಿದ್ದಳು. ಅದಕ್ಕೇ ಮಗಳ ಕಣ್ಣು ಅವಳ ಗಮನದಿಂದ ತಪ್ಪಿಹೋಯಿತು. ಒಂದು ಬೆಳಿಗ್ಗೆ ಮಗಳ ಮುಖ ಒರೆಸುವಾಗ ಆ ಕಣ್ಣುಗಳು ಯಾಕೋ ಬೇರೆ ಯಾರದೋ ಎನ್ನಿಸಿ ಹತ್ತಿರ ಎಳೆದು ನೋಡಿದಳು. ಬಲಗಣ್ಣಿಗೆ ರೆಪ್ಪೆಗೂದಲೇ ಇರಲಿಲ್ಲ. ಎಡಗಣ್ಣಿನ ತುದಿಯಲ್ಲಿ ನಾಲ್ಕೈದು ಉಳಿದಿದ್ದವು. ರೆಪ್ಪೆಯ ಅಂಚು ಕೆಂಪಾಗಿ ಊದಿತ್ತು.

"ನೋಯಲ್ವೇನೇ?"

"ಸ್ವಲ್ಪ," ಎಂದಳು ಅಕ್ಷತ. "ಆಮೇಲೆ ಚೆನ್ನಾಗಿರುತ್ತೆ."

ಶಾಮಲಾ ಟವಲನ್ನು ಕೈಯಲ್ಲಿ ಹಿಡಿದುಕೊಂಡೇ ಜಗುಲಿಗೆ ಹೋದಳು. ಈ ಸಲ ಕಂಬದ ಪಕ್ಕ ನಿಲ್ಲಲಿಲ್ಲ.

"ಮಾವ, ಎಲ್ಲಾ ಬಿಡಿಸ್ತೀನಿ. ನಾನು ಸೇರಿಸಿದ್ದೂ ಬಿಡಿಸ್ತೀನಿ. ನನ್ನ ಮಗಳು ಇವತ್ತಿಂದ ಎಲ್ಲಿಗೂ ಹೋಗಲ್ಲ."

ಅಪ್ಪಯ್ಯಣ್ಣ ಮೊಮ್ಮಗಳನ್ನು ಕರೆದು ಗಲ್ಲ ಹಿಡಿದು ಕಣ್ಣು ನೋಡಿದರು. ಬಹಳ ಹೊತ್ತು ನೋಡಿದರು.

"ಆಯ್ತಮ್ಮ," ಎಂದರು. "ಇಬ್ಬರದೂ ನಿಲ್ಲಲಿ."

"ಅಂಜನ್ ಹೋಗ್ಲಿ ಮಾವ. ಅವನಿಗೆ ಸ್ಕೇಟಿಂಗ್ ಅಂದ್ರೆ ಪ್ರಾಣ. ಜಿಲ್ಲೆಗೆ ಆಯ್ಕೆ ಬೇರೆ ಐತೆ."

"ಅದೆಂಗಾಯ್ತದೆ? ನಾಳೆ ಅವನು ಕಪ್ ಗೆದ್ಕಂಡು ಬಂದ್ರೆ, ನಮ್ಮ ತಾತ ಅವನ್ನ ಕಳ್ಸಿ ನನ್ನ ಮೂಲೇಲಿ ಕೂರ್ಸಿದ ಅಂತ ಈ ಮಗು ಅನ್ನಲ್ವಾ? ನಾನು ಅಂದಿಲ್ವಾ ನಮ್ಮಪ್ಪನ್ನ? ನಿಂತ್ರೆ ಇಬ್ಬರದೂ ನಿಲ್ಲಬೇಕು."

ಜವರಪ್ಪನಿಗೆ ಬರಬೇಡವೆಂದು ಫೋನು ಹೋಯಿತು. ಸ್ಕೇಟುಗಳು ಬೀರುವಿನ ಮೇಲೆ ಸೇರಿದವು. ಅಂಜನ್ ಮೊದಲ ದಿನ ಹಟ ಮಾಡಿದ, ಎರಡನೆಯ ದಿನ ಊಟ ಬಿಟ್ಟ, ಆಮೇಲೆ ಅಕ್ಷತಳ ಜೊತೆ ಮಾತು ಬಿಟ್ಟ. ದೇವೇಂದ್ರ ಅಣ್ಣನ ಮುಖ ನೋಡದೆ ಊಟ ಮಾಡಿ ಎದ್ದುಹೋಗುತ್ತಿದ್ದ. ಅರ್ಪಿತ ಹಿತ್ತಲಲ್ಲಿ ಬಟ್ಟೆ ಹಿಂಡುತ್ತ, ತಲೆಯೆತ್ತದೆ ಕೇಳಿದಳು.

"ನಿಮ್ಮ ಮಗಳಿಗೆ ಆಗಲ್ಲ ಅಂದ್ರೆ ನನ್ನ ಮಗನ ಕಾಲು ಕಟ್ಟಬೇಕಾ ಅಕ್ಕ?"

"ನಾನು ಹೇಳ್ದೆ ಅರ್ಪಿತ. ಅವನು ಹೋಗ್ಲಿ ಅಂತ ನಾನೇ ಹೇಳ್ದೆ."

"ಗೊತ್ತು. ಕೇಳಿಸ್ಕೊಂಡೆ." ಅವಳು ಬಟ್ಟೆಯನ್ನು ಇನ್ನೂ ಗಟ್ಟಿಯಾಗಿ ತಿರುಚಿದಳು. "ಕೇಳಿಸ್ಕೊಂಡು ಏನ್ಮಾಡ್ಲಿ? ರಾತ್ರಿಯೆಲ್ಲ ಬಿಕ್ಕಿ ಬಿಕ್ಕಿ ಅಳ್ತಾನೆ."

ಸಂಜೆ ಅಂಜನ್‌ನನ್ನು ಕಳಿಸಿ ಎಂದು ಕೇಳಲು ಶಾಮಲಾ ಮತ್ತೆ ಮಾವನ ಹತ್ತಿರ ಹೋದಳು. ಅಪ್ಪಯ್ಯಣ್ಣ ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಹಂಗಾದ್ರೆ ಭಾಗ ಮಾಡ್ಕಳಿ. ಅವರವರ ಮಕ್ಕಳಿಗೆ ಅವರವರಿಗೆ ತೋಚಿದ್ದು ಮಾಡಿ. ನಾನು ಕಣ್ಣು ಮುಚ್ಚಗಂಟ ತಡೀರಿ, ಅಷ್ಟೇಯ." ಭಾಗ ಎಂಬ ಪದ ಆ ಮನೆಯಲ್ಲಿ ಅವರ ಬಾಯಿಂದ ಅದೇ ಮೊದಲು ಬಂದದ್ದು. ಮುನಿರಾಜ್ ಹೆಂಡತಿಯನ್ನು ಕೋಣೆಗೆ ಕರೆದು, ದನಿ ತಗ್ಗಿಸಿ, "ನನ್ನ ಅಪ್ಪನ ಬಾಯಲ್ಲಿ ಏನು ಬರಿಸ್ಬಿಟ್ಟೆ ನೋಡು," ಎಂದ.

ಅಕ್ಷತ ಮಂಚದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಅವಳ ಎರಡೂ ಕೈಗೆ ಕೆಲಸವಿತ್ತು. ಅಪ್ಪನ ಮಾತು ಕೇಳಿ ತಲೆಯೆತ್ತಿದಳು, ಮತ್ತೆ ಬಗ್ಗಿಸಿದಳು.

ಭಾನುವಾರ ಬೆಳಿಗ್ಗೆ ಎಲ್ಲರೂ ತಿಂಡಿಗೆ ಸೇರಿದ್ದರು. ಅಂಜನ್ ಮಾತ್ರ ಮೊಣಕಾಲು ಪಟ್ಟಿ ಕಟ್ಟಿಕೊಂಡು ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದ. ಕೋಣೆಯಿಂದ ಅಕ್ಷತ ಹೊರಗೆ ಬಂದಳು. ಸ್ಕೇಟಿಂಗ್ ಬಟ್ಟೆಯನ್ನು ತಾನೇ ಹಾಕಿಕೊಂಡಿದ್ದಳು. ಗುಂಡಿಗಳು ಹೆಚ್ಚುಕಡಿಮೆಯಾಗಿದ್ದವು.

"ತಾತ, ನಾನು ಹೋಗ್ತೀನಿ. ಅಂಜನ್ನೂ ಕಳ್ಸು. ಭಾಗ ಮಾಡ್ಬೇಡ."

ಅಪ್ಪಯ್ಯಣ್ಣ ಹೆಗಲ ಟವಲಿನಿಂದ ಕಣ್ಣೊರೆಸಿಕೊಂಡರು. ಅಮ್ಮಯಮ್ಮ ಮೊಮ್ಮಗಳ ಕೆನ್ನೆ ಸವರಿ ನೆಟಿಗೆ ಮುರಿದರು. "ನೋಡಿ ಬುದ್ಧೀನ! ಮನೆ ಉಳ್ಸೋ ಹೆಣ್ಣು ಇದು." ದೇವೇಂದ್ರ ಎದ್ದು ಬೀರುವಿನ ಮೇಲಿಂದ ಸ್ಕೇಟುಗಳನ್ನು ಇಳಿಸಿದ. ಮುನಿರಾಜ್ ಆಗಲೇ ಜವರಪ್ಪನಿಗೆ ಫೋನು ಮಾಡುತ್ತಿದ್ದ.

ಶಾಮಲಾ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಗುಂಡಿ ಬಿಚ್ಚಿ ಮತ್ತೆ ಸರಿಯಾಗಿ ಹಾಕಿದಳು.

"ನಿಂಗೆ ಇಷ್ಟ ಇಲ್ಲ ಅಲ್ವಾ ಪುಟ್ಟಿ? ನಿಜ ಹೇಳು. ನಾನಿದ್ದೀನಿ."

"ಪರ್ವಾಗಿಲ್ಲಮ್ಮ," ಎಂದಳು ಅಕ್ಷತ.

ಆ ಮಾತನ್ನು ಆ ದನಿಯಲ್ಲಿ ಮಗಳು ಎಲ್ಲಿ ಕಲಿತಳೆಂದು ಶಾಮಲಾ ಯಾರನ್ನೂ ಕೇಳಬೇಕಿರಲಿಲ್ಲ. ಮದುವೆಯಾಗಿ ಬಂದ ದಿನದಿಂದ ಅವಳು ಆ ಮನೆಯಲ್ಲಿ ಹೆಚ್ಚು ಸಲ ಆಡಿದ ಮಾತು ಅದೇ.

ವ್ಯಾನ್ ಬಂತು. ಬೇಡ, ಇವಳನ್ನು ಬಿಟ್ಟು ಹೋಗಿ ಎನ್ನಲು ಅವಳು ಎದ್ದಳು, ಬಾಗಿಲವರೆಗೂ ಹೋದಳು. ಅಲ್ಲಿ ಅರ್ಪಿತ ಅವಳ ಕೈ ಹಿಡಿದುಕೊಂಡಳು. ಅರ್ಪಿತಳ ಕಣ್ಣಲ್ಲಿ ನೀರಿತ್ತು. "ನಿಮ್ಮ ಮಗಳು ದೇವ್ರು ಅಕ್ಕ." ಆ ಕೈ ಬೆಚ್ಚಗಿತ್ತು. ವಾರವೆಲ್ಲ ಆ ಮನೆಯಲ್ಲಿ ಯಾರೂ ಶಾಮಲಾಳನ್ನು ಮುಟ್ಟಿರಲಿಲ್ಲ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ವ್ಯಾನಿನ ಬಾಗಿಲು ಎಳೆದುಕೊಂಡ ಸದ್ದಾಯಿತು.

"ಬನ್ನಿ ಅಕ್ಕ, ದೋಸೆ ಆರೋಗುತ್ತೆ," ಎಂದು ಅರ್ಪಿತ ಅವಳನ್ನು ಒಳಗೆ ಕರೆದೊಯ್ದು, ತನ್ನ ಕೈಯಾರೆ ಬಡಿಸಿದಳು. ಅಪ್ಪಯ್ಯಣ್ಣ ಇಬ್ಬರು ಗಂಡುಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಟೊಮೇಟೊ ರೇಟಿನ ಬಗ್ಗೆ ಮಾತಾಡುತ್ತಿದ್ದರು. ದೇವೇಂದ್ರ ಏನೋ ಹೇಳಿದ, ಮುನಿರಾಜ್ ಜೋರಾಗಿ ನಕ್ಕ.

ಇನ್ನೊಂದು ಹಾಕಲೇ ಎಂದು ಅರ್ಪಿತ ಕೇಳಿದಳು. ಶಾಮಲಾ ತಟ್ಟೆ ಮುಂದೆ ಮಾಡಿದಳು.