ಮೂರು ಡಬ್ಬದ ಮೇಲೊಂದು ಬೊಗಸೆ

ಸೂಜಿಯ ಸದ್ದೂ ಕೇಳಿಸದ ಹಾಗೆ ನಾನು ಲಂಗದ ಅಂಚು ಹೊಲಿಯುತ್ತಿದ್ದೆ. ಅಮ್ಮ ಊಟ ಮಾಡಿ ಮಗ್ಗದ ಪಕ್ಕದಲ್ಲೇ ಸೆರಗು ಹಾಸಿಕೊಂಡು ಮಲಗಿದ್ದಳು. ನನ್ನ ಎದುರಿಗೆ ಅಕ್ಕನ ಮಗಳು ಕೀರ್ತನಾ ಕುಕ್ಕರುಗಾಲಲ್ಲಿ ಕೂತು, ತುಟಿಯ ಮೇಲೆ ಒಂದು ಬೆರಳಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಒಂದೊಂದೇ ಕಬ್ಬಿಣದ ಕಡ್ಡಿ ಎತ್ತಿ ಕೊಡುತ್ತಿದ್ದಳು. ನಾನು ಅದಕ್ಕೆ ಬಟ್ಟೆಯ ಚೂರು ಸುತ್ತಿ, ಅಂಚಿನ ಮಡಿಕೆಯೊಳಗೆ ತೂರಿಸಿ, ಎರಡು ಹೊಲಿಗೆ ಹಾಕುತ್ತಿದ್ದೆ. ಮೂವತ್ತಾರು ಕಡ್ಡಿ.

ಕಡ್ಡಿಗಳು ಜಕಾರ್ಡಿನವು. ಸೀರೆಯಲ್ಲಿ ಹೂವು, ನವಿಲು ಬೀಳಬೇಕಾದರೆ ಮಗ್ಗದ ಮೇಲಿಂದ ನೂರಾರು ದಾರ ಇಳಿದಿರುತ್ತವೆ. ಅವು ಬಿಗಿಯಾಗಿ ನಿಲ್ಲಲಿ ಅಂತ ಒಂದೊಂದರ ತುದಿಗೂ ಇಂಥದೊಂದು ಕಡ್ಡಿ ನೇತುಹಾಕುತ್ತಾರೆ. ಅಪ್ಪನ ಹಳೇ ಜಕಾರ್ಡು ಕೆಟ್ಟು ಅಟ್ಟ ಸೇರಿತ್ತು. ಅದರ ಕಡ್ಡಿಗಳನ್ನು ಯಾರೂ ಎಣಿಸಿ ಇಟ್ಟಿರಲಿಲ್ಲ.

ಇದೆಲ್ಲ ಯಾಕೆ ಅಂದರೆ, ಮಾರನೇ ದಿನ ಅಕ್ಕನ ಗಂಡನ ಊರು ಕಲ್ಯಾಣದುರ್ಗದಲ್ಲಿ ಕೀರ್ತನಾಳನ್ನು ತೂಗುವವರಿದ್ದರು.

ಅವಳು ಹುಟ್ಟಿದಾಗ ಎರಡು ಕೇಜಿಯೂ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಹದಿನೇಳು ದಿನ ಇಟ್ಟಿದ್ದರು. ಆಗ ಅಕ್ಕನ ಅತ್ತೆ ಶಿವಲಕ್ಷ್ಮಮ್ಮ ಹರಕೆ ಹೊತ್ತಳು. ಮಗು ಬದುಕಿದರೆ ಎಂಟು ವರ್ಷ ತುಂಬುವ ತನಕ ಪ್ರತಿ ಹುಟ್ಟುಹಬ್ಬಕ್ಕೂ ಹೊಸ ಕಡಲೆಕಾಯಿಯಲ್ಲಿ ತೂಗಿ, ತೂಗಿದ ಕಾಯಿ ಬೀದಿಗೆಲ್ಲ ಹಂಚುತ್ತೀನಿ ಅಂತ. ದಸರಾ ಕಳೆದ ಎಂಟು ದಿನಕ್ಕೆ ಈ ಸಲದ ಹುಟ್ಟುಹಬ್ಬ. ಅಷ್ಟೊತ್ತಿಗೆ ಅವರ ಹೊಲದಲ್ಲಿ ಕಾಯಿ ಕೀಳುತ್ತಿರುತ್ತಾರೆ. ಅತ್ತೆಗೆ ಕೇಜಿ ಲೆಕ್ಕ ಬೇಕಿಲ್ಲ. ಎಣ್ಣೆ ಡಬ್ಬದಲ್ಲಿ ಅಳೆದು ತಕ್ಕಡಿಗೆ ಸುರಿಯುತ್ತಾಳೆ. ಹೋದ ವರ್ಷ ಸರಿಯಾಗಿ ಮೂರು ಡಬ್ಬ ಆಗಿತ್ತು.

ಈ ವರ್ಷ ಶ್ರಾವಣದಲ್ಲಿ ಮಗುವಿಗೆ ಎರಡು ಸಲ ಜ್ವರ ಬಂತು. ಕೆನ್ನೆ ಇಳಿದುಹೋಯಿತು. ದಸರಾ ದಿನ ವಿಡಿಯೋ ಕಾಲಿನಲ್ಲಿ ಅತ್ತೆ ಅದನ್ನು ನೋಡಿಬಿಟ್ಟಳು.

"ನಿಮ್ಮ ಹಿಂದೂಪುರದ ನೀರು ಮಗೀಗೆ ಹಿಡೀತಿಲ್ಲ ಕಣಮ್ಮ ರೇವತಿ. ಮೂರು ಡಬ್ಬದ ಮೇಲೆ ಒಂದು ಬೊಗಸೆ ಆದ್ರೂ ಏರ್ಬೇಕು. ಏರಿಲ್ವಾ, ಕೂಸು ನನ್ ತಾವೇ ಇರ್ತದೆ. ಇಲ್ಲೇನು ಇಸ್ಕೂಲಿಲ್ವಾ?"

ಅಕ್ಕ ಬಾಯಿ ತೆಗೆಯುವುದರೊಳಗೆ ಬಾವ "ಆಯ್ತು ಬಿಡಮ್ಮ" ಅಂದುಬಿಟ್ಟ. ನರೇಂದ್ರ ಬಾವ ಒಳ್ಳೆಯವನೇ. ಆದರೆ ಅವರಮ್ಮ ಏನು ಕೇಳಿದರೂ ಮೊದಲು ಆಯ್ತು ಅನ್ನುತ್ತಾನೆ, ಆಮೇಲೆ ತಲೆ ಕೆರೆಯುತ್ತಾನೆ.

ನಮ್ಮ ಮನೆಯಲ್ಲೇ ಇರುವ ಅಕ್ಕ ಬಾವ ಇಬ್ಬರೂ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಮಗುವಿಗೆ ಜಡೆ ಹಾಕುವುದು, ತುತ್ತು ಕೊಡುವುದು, ಸ್ಕೂಲಿಗೆ ಬಿಡುವುದು ನಾನು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ ಮೇಲೆ ನನಗೆ ಗೆಳತಿಯರೂ ಇಲ್ಲ. ನಾನು ದಾರ ಸುತ್ತುತ್ತಾ ಕೂತರೆ ಪಕ್ಕದಲ್ಲಿ ಕೂತು ಬೀದಿಯ ಸುದ್ದಿಯೆಲ್ಲ ಹೇಳುವವಳು ಅವಳೊಬ್ಬಳೇ. ಅವಳು ಕಲ್ಯಾಣದುರ್ಗದಲ್ಲಿ ಉಳಿದರೆ ನನಗೆ ಉಳಿಯುವುದು ರಾಟೆ ಮಾತ್ರ.

ತೂಗುವ ದಿನದ ಲಂಗ ತಾಯಿ ಮನೆ ಕಡೆಯಿಂದಲೇ ಬರಬೇಕು, ಅದು ಪದ್ಧತಿ. ಅದಕ್ಕೇ ಕಡ್ಡಿ.

"ಯಾರಿಗೂ ಹೇಳ್ಬಾರದು," ಅಂತ ಕೊನೆಯ ಗಂಟು ಹಾಕಿ ಕಿವಿಯಲ್ಲಿ ಹೇಳಿದೆ.

"ಅಮ್ಮಂಗೂನಾ?"

"ಅಮ್ಮಂಗೂ."

"ದೇವ್ರಿಗೆ?"

"ದೇವರಿಗೆ ಆಗಲೇ ಗೊತ್ತು. ಸುಮ್ನಿರು."

ಬೆಳಿಗ್ಗೆ ಬಸ್ಸಿನಲ್ಲಿ ಬಾವನ ತೊಡೆಯ ಮೇಲೆ ಕೇಕಿನ ಡಬ್ಬಿ, ನನ್ನ ತೊಡೆಯ ಮೇಲೆ ಕೀರ್ತನಾ. ನನ್ನ ಕಾಲು ಜೋಮು ಹಿಡಿಯಿತು. ಕೇಕು ರಸ್ತೆಯ ಒಂದೊಂದು ಉಬ್ಬಿಗೂ ಒಂದು ಬದಿಗೆ ಜಾರುತ್ತಾ ಹೋಯಿತು. ಬಸ್ಸು ಬದಲಾಯಿಸುವಾಗ ಬಾವ ಮಗುವನ್ನು ಎತ್ತಿಕೊಂಡು, "ಏನೇ ಇದು, ಜ್ವರ ಬಂದ್ಮೇಲೆ ದಪ್ಪ ಆಗ್ಬುಟ್ಟಿದೀಯಾ!" ಅಂದ. ಕೀರ್ತನಾ ನನ್ನ ಕಡೆ ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಂದಿನ ಬಸ್ಸಿನಲ್ಲಿ ನಾನು ಕಿಟಕಿಯ ಹೊರಗೇ ನೋಡುತ್ತಾ ಕೂತೆ. ಇಬ್ಬದಿಯ ಹೊಲಗಳಲ್ಲೂ ಕಿತ್ತ ಕಡಲೆಗಿಡ ಬೇರು ಮೇಲಾಗಿ ಬಿಸಿಲಿಗೆ ಬಿದ್ದಿತ್ತು.

ಮನೆ ಮುಂದಿನ ಬೇವಿನ ಮರಕ್ಕೆ ದೊಡ್ಡ ತಕ್ಕಡಿ ಕಟ್ಟಿ ಸಿದ್ಧ ಮಾಡಿದ್ದರು. ಎರಡು ಹಲಗೆ, ನಾಲ್ಕು ನಾಲ್ಕು ಸರಪಳಿ. ಅಕ್ಕನ ಮಾವ ಪಾಪಯ್ಯ ಹಗ್ಗ ಬಿಗಿಯುತ್ತಿದ್ದ. ಕೀರ್ತನಾ ಸೀದಾ ಹೋಗಿ, ಅಜ್ಜಿಗೆ ಕೇಳುವ ಹಾಗೆ, "ತಾತ, ಇವತ್ತು ಎಷ್ಟು ಬೀಡಿ?" ಅಂದಳು.

ಮಾವನ ಮುಖ ಸಣ್ಣಗಾಯಿತು. ಬೇಸಿಗೆ ರಜದಲ್ಲಿ ಬಂದಾಗ ಇವಳು ದಿನಾ ಅವನ ಬೀಡಿ ಎಣಿಸಿ ಅಜ್ಜಿಗೆ ವರದಿ ಕೊಡುತ್ತಿದ್ದಳು. ಅತ್ತೆ ಬೆಂಕಿಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಎರಡು ತಿಂಗಳು ಮಾವ ಹಿತ್ತಿಲು, ದನದ ಕೊಟ್ಟಿಗೆ, ಪಕ್ಕದ ಮನೆಯ ಗೋಡೆ ಅಂತ ಅಲೆದಿದ್ದ.

"ಒಂದೂ ಇಲ್ಲ ಕಣಮ್ಮ," ಅಂದ ಮಾವ.

"ಬಾಯಿ ತೋರ್ಸು, ಮೂಸ್ತೀನಿ."

ಅತ್ತೆ ನಗುತ್ತಾ ಓಡಿಬಂದು ಮೊಮ್ಮಗಳನ್ನು ತಬ್ಬಿಕೊಂಡಳು. ಎತ್ತಲು ಹೋಗಿ ಒಂದು ಗಳಿಗೆ ತಡೆದಳು. ಲಂಗದ ಕಡೆ ನೋಡಿದಳು. ನನ್ನ ಕಡೆಯೂ ನೋಡಿದಳು. "ಜರಿ ಜಾಸ್ತಿ ಹಾಕಿದೀರಾ?" ಅಂದಳು.

ನಾನು ತಲೆ ಆಡಿಸಿದೆ. ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಪಕ್ಕದ ಮನೆಯ ಗಂಗುಲಮ್ಮ ಮೊರ ಹಿಡಿದುಕೊಂಡು ಮೊದಲೇ ಬಂದು ಕೂತಿದ್ದಳು. ಕೀರ್ತನಾಗೆ ಅರಿಶಿನ ಕುಂಕುಮ ಇಟ್ಟು ಹಲಗೆಯ ಮೇಲೆ ಕೂರಿಸಿದರು. ಹಲಗೆ ನೆಲ ಮುಟ್ಟಿತು. ಅತ್ತೆ ಮೊದಲ ಡಬ್ಬ ಎತ್ತಿ ಇನ್ನೊಂದು ಹಲಗೆಯ ಮೇಲಿನ ಗೋಣಿಗೆ ಸುರಿದಳು. ಎರಡನೆಯದು. ಮೂರನೆಯದು ಅರ್ಧ ಆಗಿತ್ತು, ಅಷ್ಟರಲ್ಲಿ ಕೀರ್ತನಾ ಮೇಲೆದ್ದಳು. ಎರಡು ಹಲಗೆಯೂ ಸಮ ನಿಂತವು.

"ಎರಡೂವರೆ!" ಅಂದಳು ಅತ್ತೆ. "ಚೂಡಮ್ಮ, ನೋಡಮ್ಮ ಗಂಗುಲಮ್ಮ, ಎರಡೂವರೆ! ಕೂಸು ಕರಗೋಗ್ಯದೆ!"

ಅಕ್ಕನ ಕಣ್ಣಲ್ಲಿ ನೀರು ಬಂತು. ಕಬ್ಬಿಣ ಸೇರಿಸಿಯೂ ಎರಡೂವರೆ! ಹಾಗಾದರೆ ಈ ಹುಡುಗಿ ಒಳಗೆ ಇದ್ದಾಳೋ ಇಲ್ಲವೋ?

ಆಗ ನನಗೆ ಆ ಸದ್ದು ನೆನಪಾಯಿತು. ಒಣಗಿದ ಕಾಯಿ ಸುರಿದರೆ ಗಲಗಲ ಅನ್ನುತ್ತದೆ. ಹೋದ ವರ್ಷ ಹಾಗೇ ಅಂದಿತ್ತು. ಈ ಸಲ ದಪದಪ ಅಂತ ಬಿದ್ದಿತ್ತು. ಗೋಣಿಯ ಅಡಿಯಲ್ಲಿ ಹಲಗೆ ಒದ್ದೆಯಾಗಿ ಕಪ್ಪಾಗಿತ್ತು. ಅತ್ತೆಯ ಉಗುರಲ್ಲಿ ಹಸಿ ಕೆಮ್ಮಣ್ಣು. ಹಸಿ ಕಾಯಿ ಭಾರ, ಕಮ್ಮಿ ಡಬ್ಬಕ್ಕೇ ಹಲಗೆ ಏಳಿಸುತ್ತದೆ.

ನೋಡಿದ್ದು ನೋಡಿದೆ, ಆದರೆ ಹೇಳುವುದು ಹೇಗೆ? ಆ ಮನೆಯಲ್ಲಿ ನಾನು ಐದು ವರ್ಷದಲ್ಲಿ ಆಡಿದ ಮಾತು ಅಂದರೆ 'ಸಾಕು', 'ಬ್ಯಾಡ'. ಎರಡೂ ಊಟಕ್ಕೆ ಕೂತಾಗ.

ಅಷ್ಟರಲ್ಲಿ ಕೀರ್ತನಾ ತಕ್ಕಡಿ ಉಯ್ಯಾಲೆ ಅಂದುಕೊಂಡು ಕಾಲು ಜಾಡಿಸಿದಳು. ಸರಪಳಿಯ ಕೊಂಡಿಗೆ ಲಂಗದ ಅಂಚು ಸಿಕ್ಕಿಕೊಂಡು ಪರ್ ಅಂತು. ಒಂದು ಕಡ್ಡಿ ಕಲ್ಲಿನ ಮೇಲೆ ಬಿತ್ತು. ಠಣ್. ಅದರ ಹಿಂದೆ ಇನ್ನೊಂದು. ಆಮೇಲೆ ನಾಲ್ಕೈದು ಒಟ್ಟಿಗೆ.

ಕೀರ್ತನಾ ನನ್ನ ಕಡೆ ತಿರುಗಿ, "ಚಿಕ್ಕಮ್ಮ, ನಾನು ಹೇಳ್ಲಿಲ್ಲ! ಅದೇ ಬಿತ್ತು!" ಅಂದಳು.

ಅತ್ತೆ ಒಂದು ಕಡ್ಡಿ ಎತ್ತಿ ಬಿಸಿಲಿಗೆ ಹಿಡಿದಳು. "ಏನಮ್ಮಾ ಆದಿಲಕ್ಷ್ಮಿ, ನಿಮ್ಮೂರಲ್ಲಿ ಜರಿ ಇಂಗಿರ್ತದಾ? ಮಗ್ಗಾನೇ ಬಿಚ್ಚಿ ಉಡ್ಸಿಬುಟ್ಟಿದೀಯಲ್ಲೇ! ಬಾಯಲ್ಲಿ ಮಾತಿಲ್ಲ, ಕೈಯಲ್ಲಿ ನೋಡಿ ಎಂಥ ಕೆಲ್ಸ!"

ವಿಡಿಯೋ ತೆಗೆಯುತ್ತಿದ್ದ ಬಾವ ಫೋನು ಕೆಳಗಿಳಿಸಿದ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಗಂಗುಲಮ್ಮ ಮೊರದ ಹಿಂದೆ ಮುಖ ಮುಚ್ಚಿಕೊಂಡು ನಗುತ್ತಾ ಕುಲುಕುತ್ತಿದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಓಡಿಹೋಗೋಣ ಅನ್ನಿಸಿತು. ಬಸ್ ಸ್ಟ್ಯಾಂಡಿನ ದಾರಿಯೂ ನನಗೆ ಗೊತ್ತಿರಲಿಲ್ಲ.

ನಾನು ಹೋಗಿ ಗೋಣಿಯಿಂದ ಒಂದು ಕಾಯಿ ತೆಗೆದುಕೊಂಡೆ. ಹಿಸುಕಿದೆ. ಅದು ಟಕ್ ಅನ್ನಲಿಲ್ಲ, ಪಚಕ್ ಅಂದು ನನ್ನ ಕೈಗೆ ನೀರು ಹಾರಿಸಿತು. ಒಳಗೆ ಬೀಜ ಹಾಲುಬಣ್ಣಕ್ಕೆ ಊದಿಕೊಂಡಿತ್ತು. ಅದನ್ನು ಅಂಗೈ ಮೇಲಿಟ್ಟು ಅತ್ತೆಗೆ ಚಾಚಿದೆ.

"ಕಾಯಿ ಹಸಿ ಐತೆ ಅತ್ತೆ," ಅಂದೆ.

ಗಂಗುಲಮ್ಮ ಎದ್ದು ಬಂದು ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡಳು. "ಅಯ್ಯೋ ರಾಮ! ಇದು ಬೆಳಗಿನ ಜಾವ ಕಿತ್ತಿದ್ದು ಕಣೇ ಶಿವಲಕ್ಷ್ಮಿ! ಮೇಲೆ ನೀರೂ ಚುಮುಕ್ಸಿದೀಯಾ?"

"ಮಣ್ಣು ಹೋಗ್ಲಿ ಅಂತ ತೊಳ್ದೆ," ಅಂದಳು ಅತ್ತೆ, ಬೇರೆ ಕಡೆ ನೋಡುತ್ತಾ.

"ಮಣ್ಣು ಇನ್ನೂ ಅಲ್ಲೇ ಅದೆ!"

ಪಾಪಯ್ಯ ಮಾವ ಮರ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕೆಮ್ಮು ಬಂತು. ಕೆಮ್ಮು ಬಂದದ್ದಕ್ಕೆ ಕೀರ್ತನಾ "ನೋಡಜ್ಜಿ, ಬೀಡಿ ಕೆಮ್ಮು!" ಅಂದಳು. ಮಾವನ ನಗು ಅಲ್ಲಿಗೇ ನಿಂತಿತು.

"ಸಾಕು," ಅಂದ ಅವನು. "ಲಂಗ ಬಿಚ್ಚಿ. ಮಾಳಿಗೆ ಮೇಲೆ ಹದಿನೈದು ದಿನ ಒಣಗಿರೋ ಕಾಯಿ ಅದೆ, ಅದನ್ನ ತನ್ನಿ. ಈಗ ನ್ಯಾಯವಾಗಿ ತೂಗಾನ. ಮಾತು ಹಂಗೇ. ಮೂರು ಡಬ್ಬದ ಮೇಲೆ ಒಂದು ಬೊಗಸೆ."

ಅತ್ತೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನ್ಯಾಯವಾಗಿ ತೂಗುವುದು ನಮ್ಮಿಬ್ಬರಿಗೂ ಬೇಕಿರಲಿಲ್ಲ ಅಂತ ಇಬ್ಬರಿಗೂ ಗೊತ್ತಾಯಿತು.

ಕೀರ್ತನಾ ಚಡ್ಡಿ, ಬನಿಯನ್ನಿನಲ್ಲಿ ರಾಣಿಯ ಹಾಗೆ ಕೂತಳು. ಒಂದು ಡಬ್ಬ, ಗಲಗಲ. ಎರಡು ಡಬ್ಬ, ಗಲಗಲ. ಮೂರನೆಯದನ್ನು ಬಾವ ಸುರಿದ. ಕೊನೆಯ ಕಾಯಿ ಬಿದ್ದ ಮೇಲೆ ಹಲಗೆಗಳು ತೂಗಾಡಿ ತೂಗಾಡಿ ನಿಧಾನವಾಗಿ ಸಮ ಆದವು. ಸರಿಯಾಗಿ ಮೂರು. ಹೋದ ವರ್ಷದಷ್ಟೇ.

"ಸಮ!" ಅತ್ತೆ ಚಪ್ಪಾಳೆ ತಟ್ಟಿದಳು. "ಮೂರೇ ಮೂರು! ಬೊಗಸೆ ಇಲ್ಲ!"

"ಇರೇ, ಕೂಸು ಅಲ್ಲಾಡ್ತಾ ಅದೆ," ಅಂದ ಮಾವ. ಬಂದು ಹಲಗೆಯ ಪಕ್ಕದಲ್ಲಿ ಕುಕ್ಕರಿಸಿ, ಒಂದು ಕೈಯಿಂದ ಸರಪಳಿ ಹಿಡಿದು ನಿಲ್ಲಿಸಿ, ಕೈ ಬಿಟ್ಟ. ಕೀರ್ತನಾಳ ಹಲಗೆ ಎರಡು ಬೆರಳಷ್ಟು ಕೆಳಗಿಳಿಯಿತು. "ನೋಡು ಈಗ. ಹಾಕು ಒಂದು ಬೊಗಸೆ."

ಅತ್ತೆ ತನ್ನ ಕೈಯಾರೆ ಒಂದು ಬೊಗಸೆ ಹಾಕಿದಳು. ಹಲಗೆ ಏಳಲಿಲ್ಲ. ಇನ್ನೊಂದು ಹಾಕಿದಳು. ಏಳಲಿಲ್ಲ.

"ಇನ್ನೊಂದು," ಅಂದ ಮಾವ.

ಮೂರನೇ ಬೊಗಸೆಗೆ ಹಲಗೆಗಳು ಸಮ ಆದವು. ಅಕ್ಕ ಓಡಿಬಂದು ನನ್ನ ಕೈ ಹಿಡಿದಳು. ಬಾವ ಫೋಟೋ ತೆಗೆದ. ಗಂಗುಲಮ್ಮ, "ಜ್ವರ ಬಂದ್ರೂ ಏರ್ಯದೆ ಕಣೇ, ಅವಳ ಕೈ ಗುಣ!" ಅಂತ ನನ್ನ ಬೆನ್ನಿಗೆ ಗುದ್ದಿದಳು.

ನಾನು ತಲೆ ತಗ್ಗಿಸಿದೆ. ತಗ್ಗಿಸಿದ್ದಕ್ಕೇ ಕಾಣಿಸಿತು. ಮಾವನ ಪಂಚೆ ನೆಲದ ಮೇಲೆ ಹರಡಿಕೊಂಡಿತ್ತು. ಅದರ ಅಂಚಿನಿಂದ ಅವನ ಕಾಲಿನ ಹೆಬ್ಬೆರಳು ಹೊರಗೆ ಬಂದು, ಕೀರ್ತನಾಳ ಹಲಗೆಯ ತುದಿಯನ್ನು ಗಟ್ಟಿಯಾಗಿ ಒತ್ತಿಕೊಂಡಿತ್ತು. ನಾನು ನೋಡಿದ್ದನ್ನು ಅವನೂ ನೋಡಿದ. ಮೀಸೆ ಸ್ವಲ್ಪ ಅಲ್ಲಾಡಿತು. ಮೆಲ್ಲಗೆ ಪಂಚೆ ಎಳೆದುಕೊಂಡ.

ಆಮೇಲೆ ಕೇಕು ಕೊಯ್ದೆವು. ಡಬ್ಬಿಯ ಒಂದು ಮೂಲೆಗೆ ಸೇರಿ ಅದು ಗೋಡೆಗೆ ಒರಗಿದ ಹಾಗಿತ್ತು. ಕೀರ್ತನಾ ಅನ್ನುವ ಹೆಸರಲ್ಲಿ 'ನಾ' ಮಾತ್ರ ಉಳಿದಿತ್ತು. ಗಂಗುಲಮ್ಮ ಬೀದಿಗೆಲ್ಲ ಕಾಯಿ ಹಂಚಿ ಬಂದಳು. ಅತ್ತೆ ತಾನು ತಂದಿಟ್ಟಿದ್ದ ಹಳದಿ ಫ್ರಾಕು ಮೊಮ್ಮಗಳಿಗೆ ಹಾಕಿದಳು. ಅದು ಮೂರು ಬೆರಳು ದೊಡ್ಡದಿತ್ತು. ಇನ್ನೂ ಬೆಳೆಯಲಿ ಅಂತ ತಂದದ್ದು. ಎಲ್ಲರೂ ತಕ್ಕಡಿಯ ಸುತ್ತ ಕೂತು ಫೋಟೋ ತೆಗೆಸಿಕೊಂಡೆವು. ಅದರಲ್ಲಿ ಎಲ್ಲರ ಕೆನ್ನೆಯೂ ಕಡಲೆಕಾಯಿಯಿಂದ ಉಬ್ಬಿದೆ, ಅತ್ತೆಯದೊಂದು ಬಿಟ್ಟು.

ಬಸ್ಸಿಗೆ ಹೊತ್ತಾಯಿತು ಅಂತ ಬಾವ ಎದ್ದ. ಅತ್ತೆ ಏಳಲಿಲ್ಲ. ಕೀರ್ತನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಣಗಿದ ಕಾಯಿ ಒಂದೊಂದೇ ಸುಲಿದು, ಮೇಲಿನ ಕೆಂಪು ಸಿಪ್ಪೆ ಉಜ್ಜಿ, ಊದಿ, ಅವಳ ಬಾಯಿಗೆ ಇಡುತ್ತಿದ್ದಳು.

"ದೀಪಾವಳಿಗಂಟ ಆದ್ರೂ ಬಿಟ್ಟೋಗ್ರಮ್ಮ," ಅಂದಳು, ಕಾಯಿಗೆ ಹೇಳುವ ಹಾಗೆ.

ಅಕ್ಕ ಬಾವನ ಕಡೆ ನೋಡಿದಳು. ಬಾವ ಫೋನು ನೋಡಿದ. ಮಾವ ತನ್ನ ಹೆಬ್ಬೆರಳು ನೋಡಿಕೊಂಡು ಕಾಲು ಒಳಕ್ಕೆ ಎಳೆದುಕೊಂಡ. ನಾನು ಮಡಿಲಲ್ಲಿದ್ದ ಕಡ್ಡಿಗಳನ್ನು ಎಣಿಸುತ್ತಿದ್ದೆ.

"ಹನ್ನೆರಡೇ ದಿನ. ಬಿಟ್ಟೋಗ್ರಮ್ಮ."