ಹುರುಳಿಯ ಮಹಜರು

"ರಸ್ತೆಯ ಮೇಲೆ ಬೆಳೆ ಹರಡಿದವರ ಮಾಲನ್ನು ಜಪ್ತಿ ಮಾಡಲಾಗುವುದು" ಎಂದು ಆಟೋ ಮೇಲಿನ ಮೈಕು, ಮೊದಲೇ ರೆಕಾರ್ಡ್ ಮಾಡಿಟ್ಟಿದ್ದ ಲಕ್ಕಮ್ಮನ ದನಿಯಲ್ಲೇ ಕೂಗುತ್ತಿತ್ತು. ಒಳಗೆ ಕೂತಿದ್ದ ಲಕ್ಕಮ್ಮನಿಗೆ ಅದು ತನ್ನ ದನಿ ಎಂದು ನಂಬಲೇ ಆಗುತ್ತಿರಲಿಲ್ಲ. ಇಷ್ಟು ಶುದ್ಧವಾಗಿ ಅವಳು ಜನ್ಮದಲ್ಲಿ ಮಾತಾಡಿದವಳಲ್ಲ.

ಜಾವಗಲ್ ಕಡೆಯ ಹೊನ್ನೇಕಟ್ಟೆ ಪಟ್ಟಣ ಪಂಚಾಯಿತಿಯಾಗಿ ಮೂರು ತಿಂಗಳಾಗಿತ್ತು. ಬೋರ್ಡು ಬದಲಾಗಿತ್ತು, ಅಷ್ಟೆ. ಎಮ್ಮೆಗಳು ಈಗಲೂ ಬಸ್ ಸ್ಟ್ಯಾಂಡಿನಲ್ಲೇ ಮಲಗುತ್ತಿದ್ದವು. ಸುಗ್ಗಿ ಬಂದರೆ ಡಾಂಬರು ರಸ್ತೆಯೇ ಕಣ. ಬೆಳೆ ಹರಡಿ ಕೂತರೆ ಬಸ್ಸು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತಿದ್ದವು. ಮೊನ್ನೆ ಬೈಕಿನವನೊಬ್ಬ ಹುರುಳಿಯ ಮೇಲೆ ಜಾರಿ ಕೈ ಮುರಿದುಕೊಂಡ. ಹೊಸ ಮುಖ್ಯಾಧಿಕಾರಿ ಮಾಲಿನಿ ಆದೇಶ ಬರೆದು ತಂದಳು, ಅಧ್ಯಕ್ಷೆ ಲಕ್ಕಮ್ಮ ಸಹಿ ಹಾಕಿದಳು. ಅದು ಅವಳ ಮೊದಲ ಆದೇಶ. ಊರು ಎಲ್ಲಿ ನಗುತ್ತದೋ ಎಂದು ಅವಳಿಗೆ ಒಳಗೊಳಗೇ ಭಯ.

ಮಾರಮ್ಮನ ಗುಡಿಯ ತಿರುವು ದಾಟಿದ್ದೇ ಆಟೋ ನಿಂತಿತು. ಮುಂದೆ ಇಪ್ಪತ್ತು ಮಾರು ಉದ್ದಕ್ಕೂ ಹುರುಳಿ ಗಿಡ. ನಡುವೆ ಕವೆಗೋಲು ಹಿಡಿದು ನಿಂತವನು ಅವಳ ಗಂಡ ಕರಿಯಪ್ಪ.

"ಇದೇನ್ ಮಾಡ್ಬುಟ್ಟೆ ನೀನು?"

"ಮೋಡ ನೋಡು ಎಂಗೈತೆ. ಮಳೆ ಬಂದ್ರೆ ಎಲ್ಲಾ ಮೊಳಕೇನೇ. ನೀನ್ ಕೂಗಿದ್ದು ನಂಗೆ ಕೇಳಿಸ್ನಿಲ್ಲ ಕಣೇ" ಎಂದ ಕರಿಯಪ್ಪ. ಮೈಕು ಅವನ ಕಿವಿಯ ಪಕ್ಕದಲ್ಲೇ ಕೂಗುತ್ತಿತ್ತು.

ಬಾಗಿಲು ಬಾಗಿಲಿಗೆ ಜನ ಬಂದರು. ಬೆಳಿಗ್ಗೆ ಮೈಕು ಕೇಳಿ ಹೆದರಿ ಹುರುಳಿಯನ್ನು ಹೊರೆ ಕಟ್ಟಿಟ್ಟಿದ್ದ ಎದುರುಮನೆಯ ರೇವಣಸಿದ್ದಪ್ಪ ಜಗಲಿಯ ಮೇಲೆ ನೆಮ್ಮದಿಯಾಗಿ ಕೂತು ನೋಡತೊಡಗಿದ.

ಲಕ್ಕಮ್ಮನ ಮುಖ ಸುಟ್ಟಂತಾಯಿತು. ಬಿಟ್ಟರೆ ಮಾನ ಹೋಗುತ್ತದೆ, ಹಿಡಿದರೆ ವರ್ಷದ ಹುರುಳಿ ಹೋಗುತ್ತದೆ. ಕೊನೆಗೆ ಆಟೋದಿಂದ ಇಳಿದು, ಜೊತೆಯಲ್ಲೇ ಬಂದಿದ್ದ ಮಾಲಿನಿಯ ಕಡೆ ತಿರುಗಿದಳು.

"ಬರ್ಕಳಿ ಮೇಡಂ. ನಮ್ಮನೇದೇ. ಜಪ್ತಿ ಮಾಡ್ಸಿ."

ಮಾಲಿನಿ ಮಹಜರಿನ ಹಾಳೆ ತೆಗೆದಳು. ಎರಡು ಸಾಲು ಬರೆದು ನಿಲ್ಲಿಸಿದಳು. "ಎಷ್ಟು ಕೆಜಿ ಕಾಳು ಅಂತ ಬರೀಬೇಕಲ್ಲ ಅಮ್ಮ? ಬರೀ ಗಿಡ ಅಂದ್ರೆ ಮೇಲಿನವರು ಒಪ್ಪಲ್ಲ."

ಲಕ್ಕಮ್ಮ ಗಿಡ ನೋಡಿದಳು, ಮೋಡ ನೋಡಿದಳು, ಆಟೋದ ಚಕ್ರ ನೋಡಿದಳು.

"ಕಾಳು ಬಿಡುಸ್ದೆ ಎಂಗೆ ಗೊತ್ತಾಯ್ತದೆ ಮೇಡಂ?" ಎಂದಳು, ಏನೂ ಅರಿಯದವಳ ಹಾಗೆ. ಕರಿಯಪ್ಪ ತಲೆ ತಗ್ಗಿಸಿ ನಗು ನುಂಗಿಕೊಂಡ.

ಮಾಲಿನಿಯೂ ಬಿಕ್ಕೋಡಿನ ರೈತರ ಮನೆಯವಳೇ. ಅವಳೂ ಒಮ್ಮೆ ಆಕಾಶ ನೋಡಿದಳು. ಆಮೇಲೆ ಆಟೋದವನ ಕಡೆ ತಿರುಗಿ, "ಅಣ್ಣಾ, ಇದರ ಮೇಲೆ ನಾಲ್ಕು ಸಲ ಓಡ್ಸಿ. ಮಹಜರಿಗೆ ಬೇಕು" ಎಂದಳು.

ಆಟೋ ಹೋಯಿತು, ಬಂತು. ಮೇಲೆ ಮೈಕು ರಸ್ತೆಯಲ್ಲಿ ಬೆಳೆ ಹರಡಬೇಡಿ ಎನ್ನುತ್ತಿತ್ತು, ಕೆಳಗೆ ಹುರುಳಿ ಪಟಪಟ ಒಡೆಯುತ್ತಿತ್ತು. ಕರಿಯಪ್ಪ ಹಿಂದಿನಿಂದ ಗಿಡ ಮಗುಚಿದ. ಲಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಪೊರಕೆಗೆ ಕೈ ಹಾಕಿದಳು.

ಮೂರನೇ ಸಲಕ್ಕೆ ರೇವಣಸಿದ್ದಪ್ಪ ಜಗಲಿಯಿಂದ ಎದ್ದ. ಯಾರನ್ನೂ ಕೇಳದೆ ತನ್ನ ಹೊರೆ ಹೊತ್ತು ತಂದು, ಕಟ್ಟು ಬಿಚ್ಚಿ, ಕರಿಯಪ್ಪನ ಹುರುಳಿ ಮುಗಿದಲ್ಲಿಂದ ಮುಂದಕ್ಕೆ ಹರಡಿದ. ಲಕ್ಕಮ್ಮ ಪೊರಕೆ ನಿಲ್ಲಿಸಿ ಅವನನ್ನು ನೋಡಿದಳು. ಮಾಲಿನಿ ಇನ್ನೊಂದು ಹಾಳೆ ತೆಗೆದಳು.

ಆಟೋ ಈ ಸಲ ಆರು ಮಾರು ಮುಂದೆ ಹೋಗಿ ತಿರುಗಿತು.